ಅಮ್ಮನ ಗೌನಿನ ಒಳಮಡಿಕೆ

“ಅಪ್ಪಾ, ಜ್ಯೋತಿಷಿ, ಕಣಿ ಹೇಳೋಳು, ಪ್ರವಾದಿ... ಮೂರೂ ಒಂದೇ ಅಲ್ವಾ? ಮತ್ತೆ ಮಿಸ್ಸು ಯಾಕೆ ವ್ಯತ್ಯಾಸ ಬರೀರಿ ಅಂದಿದ್ದಾರೆ?”

ಚೂಟಿ ಪೆನ್ಸಿಲ್ ಕಚ್ಚುತ್ತಾ ಕೇಳಿದಳು. ಮನೆಯ ಮುಂದಿನ ಕೋಣೆಯೇ ಅಪ್ಪನ ಟೈಲರ್ ಅಂಗಡಿ. ಅಪ್ಪ ಮೆಷಿನ್ನಿನಿಂದ ತಲೆ ಎತ್ತಲಿಲ್ಲ.

“ಜ್ಯೋತಿಷಿ ನಕ್ಷತ್ರ ಲೆಕ್ಕ ಹಾಕಿ ಹೇಳ್ತಾನೆ. ಕಣಿ ಹೇಳೋಳು ಕೈ ನೋಡಿ, ಮುಖ ನೋಡಿ ಹೇಳ್ತಾಳೆ. ಪ್ರವಾದಿ, ಇದು ನನ್ನ ಮಾತಲ್ಲ, ದೇವರ ಮಾತು ಅಂತಾನೆ. ಬರ್ಕೋ.”

“ಡಾಕ್ಟರು?”

ಮೆಷಿನ್ ನಿಂತಿತು. “ಮಿಸ್ಸು ಡಾಕ್ಟರ ವಿಷಯ ಕೇಳಿಲ್ವಲ್ಲ.”

“ಅಮ್ಮ ಹುಷಾರಾಗ್ತಾಳೆ ಅಂತ ಅವರೂ ಮುಂದಾಗೋದನ್ನೇ ತಾನೆ ಹೇಳಿದ್ದು? ಅಮ್ಮ ಸ್ಕೂಲ್ ಡೇಗೆ ಬರ್ತಾಳಲ್ವಾ? ಗ್ಯಾರಂಟೀನಾ?”

“ಹೂಂ, ಬರ್ತಾಳೆ,” ಅಂದ ಅಪ್ಪ, ದಾರಕ್ಕಾಗಿ ತಡಕಾಡುತ್ತಾ. ದಾರ ಸೂಜಿಯಲ್ಲೇ ಇತ್ತು.

ಒಳಕೋಣೆಯಿಂದ ಅಮ್ಮನ ದನಿ ಬಂತು. ಹಾಸಿಗೆ ಹಿಡಿದು ತಿಂಗಳುಗಳಾಗಿದ್ದರೂ ತಮಾಷೆ ಮಾತ್ರ ಬಿಟ್ಟವಳಲ್ಲ. “ನಾನೊಂದು ಕಣಿ ಹೇಳ್ಲಾ? ಈ ಹುಡುಗಿ ಹೋಮ್‌ವರ್ಕ್ ಇವತ್ತೂ ಮುಗಿಯಲ್ಲ!”

ನಕ್ಕಳು. ನಗು ಕೆಮ್ಮಾಯಿತು.

ಅಪ್ಪ ಹೊಲಿದ ಮಕ್ಕಳ ಬಟ್ಟೆಗಳಲ್ಲಿ ಒಳಗೆ ನಾಲ್ಕು ಬೆರಳಷ್ಟು ಬಟ್ಟೆ ಮಡಿಸಿಯೇ ಇರುತ್ತದೆ. “ಬೆಳೆಯೋ ಮಕ್ಕಳು, ಮುಂದಿನ ವರ್ಷ ಹೊಲಿಗೆ ಬಿಚ್ಚಿದ್ರಾಯ್ತು” ಅನ್ನುತ್ತಾನೆ. ಚೂಟಿಯ ಯೂನಿಫಾರ್ಮ್ ಹಾಗೇ ಎರಡು ಸಲ ಉದ್ದವಾಗಿದೆ.

ಅಮ್ಮನ ನೀಲಿ ಗೌನಿನದೂ ಅದೇ ಕತೆ, ಆದರೆ ಉಲ್ಟಾ. ಅಮ್ಮ ಸಣ್ಣಗಾದಂತೆಲ್ಲ ಅಪ್ಪ ಅದನ್ನು ಬಿಗಿ ಮಾಡುತ್ತಾ ಬಂದಿದ್ದ. ಮಿಕ್ಕ ಬಟ್ಟೆಯನ್ನು ಕತ್ತರಿಸದೆ ಒಳಗೇ ಮಡಿಸಿ ಹೊಲಿಯುತ್ತಿದ್ದ. ಮಲಗಿದರೆ ಆ ಮಡಿಕೆ ಅಮ್ಮನ ಪಕ್ಕೆಗೆ ಒತ್ತುತ್ತಿತ್ತು.

“ರೀ, ಕತ್ತರಿಸಿಬಿಡಿ,” ಅಂತ ಅಮ್ಮ ಎಷ್ಟೋ ಸಲ ಗೋಗರೆದಿದ್ದಳು. ಅಪ್ಪ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ.

“ಮತ್ತೆ ದಪ್ಪ ಆದ್ಮೇಲೆ ಬೇಕಾಗುತ್ತೆ ಕಣೆ. ಆಗ ಇದೇ ಬಟ್ಟೆ ಎಲ್ಲಿಂದ ತರ್ಲಿ?”

ಇವತ್ತು ಅಪ್ಪ ಒಬ್ಬನೇ ಆಸ್ಪತ್ರೆಗೆ ಹೋಗಿ ಅಮ್ಮನ ರಿಪೋರ್ಟ್ ತಂದಿದ್ದ. ಬಂದವನು ಊಟಕ್ಕೂ ಕೂತಿರಲಿಲ್ಲ.

ಈಗ ಅವನು ಆ ಗೌನನ್ನು ಒಳಮಗ್ಗುಲು ಮೇಲಾಗುವಂತೆ ತಿರುಗಿಸಿ ಮೇಜಿನ ಮೇಲೆ ಹರಡಿದ. ಮಡಿಕೆಯ ಮೇಲೆ ಕೈಯಾಡಿಸಿದ. ದೊಡ್ಡ ಕತ್ತರಿ ಎತ್ತಿಕೊಂಡ.

ಕರ್ರ್... ಕರ್ರ್...

ನೀಲಿ ಪಟ್ಟಿಗಳು ನೆಲಕ್ಕೆ ಬಿದ್ದವು. ಚೂಟಿ ಪೆನ್ಸಿಲ್ ಕೆಳಗಿಟ್ಟಳು. ‘ಅಪ್ಪಾ, ಬೇಡ, ಅದು ಬೇಕಾಗುತ್ತೆ’ ಅನ್ನಬೇಕೆನಿಸಿತು. ಅಪ್ಪನಿಗೂ ಅದು ಗೊತ್ತಿಲ್ಲವೇ?

ಅಪ್ಪನಿಗೆ ಎಲ್ಲ ಗೊತ್ತಿತ್ತು.

ಅವಳು ಬಗ್ಗಿ ಪಟ್ಟಿಗಳನ್ನು ಆಯ್ದು ಜೇಬಿಗೆ ತುರುಕಿಕೊಂಡಳು. ಅಪ್ಪ ನೋಡಿದ. ಕತ್ತರಿ ಕೆಳಗಿಟ್ಟು ಸೂಜಿ ಎತ್ತಿಕೊಂಡ.

ಗೌನು ತೊಡಿಸಿದಾಗ ಅಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟಳು. “ಅಬ್ಬಾ, ಈಗ ಹಾಯಾಗಿದೆ. ಕೊನೆಗೂ ನನ್ನ ಮಾತು ಕೇಳಿದ್ರಲ್ಲ!”

ಅಪ್ಪ ನೀರು ತರುವ ನೆಪದಲ್ಲಿ ಹೊರಗೆ ಹೋದ.

“ಚೂಟಿ, ಸ್ಕೂಲ್ ಡೇಗೆ ಇದನ್ನೇ ಹಾಕ್ಕೊಂಡು ಬರ್ಲಾ? ಚೆನ್ನಾಗಿದೆಯಾ?”

ಜೇಬಿನೊಳಗೆ ಚೂಟಿಯ ಬೆರಳುಗಳು ಪಟ್ಟಿಗಳನ್ನು ಬಿಗಿಯಾಗಿ ಹಿಡಿದವು.

“ಹೂಂ, ಬಾಮ್ಮಾ,” ಅಂದಳು, ಹೊದಿಕೆ ಸರಿಮಾಡುತ್ತಾ. ಹೊದಿಕೆ ಸರಿಯಾಗಿಯೇ ಇತ್ತು. “ಮೊದಲನೇ ಸಾಲಲ್ಲೇ ಸೀಟ್ ಹಿಡಿದಿಟ್ಟಿರ್ತೀನಿ.”