ಕೈಬಿಟ್ಟ ಅಂಗಳ

"ನಾನು ಕೈಬಿಟ್ಟಿದ್ದನ್ನ ನೀವು ಎತ್ಕೋಬೇಡಿ," ಎಂದರು ದಿವಾಳಿಯಾದವರ ಆಸ್ತಿ ನೋಡಿಕೊಳ್ಳುವ ಕೋರ್ಟಿನ ಅಧಿಕಾರಿ. "ಮಾರಿದ್ರೂ ಸಾಲ ತೀರಲ್ಲ, ನಿಮ್ಮಣ್ಣನ ಆ ಮರದ ಹರಾಜಿನ ಅಂಗಳ ನನಗೆ ಬೇಡ ಅಂತ ಕೋರ್ಟಿಗೆ ಬರ್ಕೊಟ್ಟೆ. ನಾನು ಬಿಟ್ರೂ ಬ್ಯಾಂಕಿನ ಅಡಮಾನ ನೆಲವನ್ನ ಬಿಡಲ್ಲ. ಇನ್ನೊಂದೂ ಬಿಡಲ್ಲ. ಅಂಗಳ ನನ್ನ ವಶಕ್ಕೆ ಬಂದ ದಿನ ನಿಮ್ಮಣ್ಣಂಗೆ ಹೋಗಿದ್ದ ದನಿ ವಾಪಸ್ ಬಂತು, ನನ್ನ ಗಂಟಲು ಕಟ್ತು. ಬರ್ಕೊಟ್ಟ ಸಂಜೆ ಬಿಡ್ತು."

"ಶೀತ ಆಗಿರ್ಬೇಕು ಸಾರ್. ಬಿಸಿನೀರು ಕುಡೀರಿ," ಎಂದು ತಮ್ಮ ನಕ್ಕ.

ಅಣ್ಣ ತಮ್ಮ ಇಬ್ಬರೂ ಹರಾಜು ಕೂಗುವವರು. ಅಣ್ಣ ಕೂಗಿದರೆ ಕೊಳ್ಳದವನೂ ಕೈ ಎತ್ತುತ್ತಿದ್ದ. ತಮ್ಮ ಕೂಗಿದರೆ ಜನ ಆಕಳಿಸುತ್ತಿದ್ದರು. ಹೊಟ್ಟೆಕಿಚ್ಚು ತಡೆಯದೆ ಮೂರು ವರ್ಷದ ಹಿಂದೆ ಅವನು ಮಾಟದವಳ ಬಾಗಿಲು ತಟ್ಟಿದ್ದ. ಯಾರ ಬಾಯಿ ಕಟ್ಟಬೇಕು ಎಂದು ಅವಳು ಕೇಳಿದಾಗ ಒಡಹುಟ್ಟಿದವನ ಹೆಸರು ನಾಲಿಗೆಗೆ ಬರಲಿಲ್ಲ. ಅಷ್ಟು ಮಾತ್ರದ ನಾಚಿಕೆ ಉಳಿದಿತ್ತು ಪುಣ್ಯಾತ್ಮನಿಗೆ! "ಆ ಅಂಗಳದ ಯಜಮಾನ" ಎಂದುಬಿಟ್ಟ. ಅವಳು ಕೊಟ್ಟ ಕೂದಲು ಸುತ್ತಿದ ಮೊಳೆಯನ್ನು ಅಂಗಳದ ಶೆಡ್ಡಿನಲ್ಲಿ ಹೂತು ಬಂದ. ತಿಂಗಳೊಳಗೆ ಅಣ್ಣನ ದನಿ ಬಿತ್ತು, ಆಮೇಲೆ ವ್ಯಾಪಾರವೂ.

ಅಣ್ಣನಿಗೆ ಮಾಡಿಸಿದ್ದು ಅಣ್ಣನಿಗೆ ತಟ್ಟಿತು, ತನಗೇನು? ತಮ್ಮ ಬ್ಯಾಂಕಿಗೆ ಹೋಗಿ ಸಾಲವನ್ನು ಹೊತ್ತುಕೊಂಡು ಅಂಗಳವನ್ನು ತನ್ನ ಹೆಸರಿಗೆ ಬರೆಸಿಕೊಂಡ.

ಮೊದಲ ಹರಾಜು ಮಟಮಟ ಮಧ್ಯಾಹ್ನ. ಆದರೂ ಶೆಡ್ಡಿನೊಳಗೆ ಕತ್ತಲು. ಗೆದ್ದಲು ಔಷಧಿಯ ಘಾಟು, ಹಸಿಮರದ ಹುಳಿವಾಸನೆ. ನೆಲದಡಿ ಏನೋ ಕೆರೆಯುತ್ತಿತ್ತು. ಹೆಗ್ಗಣವಿರಬೇಕು ಎಂದುಕೊಂಡು ಕಟ್ಟೆ ಏರಿದ.

"ಒಂದು ಸಲ!"

ಅಬ್ಬಾ, ಎಂಥ ದನಿ! ಥೇಟ್ ಅಣ್ಣನದೇ.

"ಎರಡು ಸಲ!"

ಗಂಟಲಲ್ಲಿ ಏನೋ ಚುಚ್ಚಿತು. ತುಕ್ಕಿನ ರುಚಿ. ನಾಲಿಗೆಯ ಬುಡದಲ್ಲಿ ಕೂದಲು. ಬಾಯಿ ತೆರೆದ. ಉಸಿರು ಬಂತು. ಮಾತು ಬರಲಿಲ್ಲ. ಮತ್ತೆ ತೆರೆದ. ಬರಲಿಲ್ಲ. ಜನ ಎದ್ದು ಹೋದರು. ಮೊಳೆ ಹೂತ ಜಾಗವನ್ನು ಉಗುರಿನಿಂದ ಬಗೆದ. ಕೂದಲು ಬೇರು ಬಿಟ್ಟಿತ್ತು. ಎಳೆದ. ಎಳೆದಷ್ಟೂ ಬಂತು. ಗಂಟಲೊಳಗೂ ಏನೋ ಎಳೆಯಿತು. ಕೈ ಬಿಟ್ಟ.

ಸುದ್ದಿ ಕೇಳಿ ಅಣ್ಣ ಕಾಗದ ಹಿಡಿದು ಓಡಿ ಬಂದ.

"ಯಜಮಾನನ ಬಾಯಿ ಕಟ್ಟೋ ಅಂಗಳ ಇದು, ನಂಗೆ ಬರ್ಕೊಡೋ ಮಗಾ. ಮಾತಿಲ್ದೆ ಬದುಕೋದು ನಂಗೆ ಅಭ್ಯಾಸ ಆಗಿದೆ. ನೀನು ಚಿಕ್ಕವನು."

ಒಂದು ರುಜು ಸಾಕಿತ್ತು. ತಮ್ಮ ಪೆನ್ನು ಹಿಡಿದ. ತಮ್ಮನಿಗಾಗಿ ದನಿಯನ್ನೇ ಕೊಟ್ಟ ದೇವರಂಥ ಮನುಷ್ಯ ಎಂದು ನಾಳೆ ಎಲ್ಲರೂ ಅಣ್ಣನನ್ನು ಹೊಗಳುವುದು ಆಗಲೇ ಕಿವಿಗೆ ಬಿತ್ತು. ಮೂಗನಾದರೂ ಅವನೇ ಮೇಲು! ತಮ್ಮನ ಹೊಟ್ಟೆ ಧಗಧಗ ಉರಿಯಿತು. ಕಾಗದವನ್ನು ಹರಿದು ಚೂರು ಮಾಡಿದ. ಅಣ್ಣನನ್ನು ಹೊರಗೆ ನೂಕಿ ಗೇಟಿಗೆ ಚಿಲಕ ಹಾಕಿಕೊಂಡ.

ಆಚೆಯಿಂದ ಅಣ್ಣ ಕೂಗುತ್ತಲೇ ಇದ್ದ, ಇಡೀ ಬೀದಿಗೆ ಕೇಳಿಸುವ ಅದೇ ತುಂಬುದನಿಯಲ್ಲಿ.