ಮಂಜಿನಲ್ಲಿ ಹೂವಿನ ಗಿರಾಕಿಗಳು

"ಮರಳಿ ಬಾ ಅಂತ ನಾನು ಯಾವತ್ತೂ ನಿನ್ನ ಕೇಳಲ್ಲ."

ಎರಡು ವರ್ಷದ ಹಿಂದೆ, ಆಲ್ಸ್ಟ್ ಊರಿನ ತಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು ಲೀವೆನ್ ತನ್ನ ಹೆಂಡತಿಗೆ ಕೊಟ್ಟ ಮಾತು ಅದು. ಕೊಡಲೇಬೇಕೆಂದು ವೀರ್ಲೆ ಹಟ ಹಿಡಿದು ಕೊಡಿಸಿಕೊಂಡಿದ್ದಳು. ತವರಿಗೆ ಹೊರಟಿದ್ದ ಅವಳ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕಂಕುಳಲ್ಲಿ ಆರು ತಿಂಗಳ ಮಗಳು ಫೀನ್.

ಹಿಂದಿನ ಸಂಜೆ, ಲೀವೆನ್ ನೋಡಿಕೊಳ್ಳುತ್ತಿದ್ದಾಗ ಮಗು ಮಂಚದಿಂದ ಉರುಳಿ ಬಿದ್ದಿತ್ತು. ಹಣೆಯ ಮೇಲೊಂದು ಬುಗುಟು. ಡಾಕ್ಟರು ಏನೂ ಆಗಿಲ್ಲ ಎಂದರು. ಆದರೆ ಹೆತ್ತ ದಿನದಿಂದಲೂ ನಿದ್ದೆಯಲ್ಲಿರುವ ಮಗುವಿನ ಮೂಗಿಗೆ ಬೆರಳಿಟ್ಟು ಉಸಿರು ನೋಡುತ್ತಲೇ ಬದುಕಿದ್ದ ವೀರ್ಲೆಗೆ ಆ ಬುಗುಟೇ ಸಾಕಾಯಿತು. ನಿನ್ನ ಕೈಗೆ ಮಗುವನ್ನು ಕೊಟ್ಟು ನಾನು ಕಣ್ಣು ಮುಚ್ಚಲಾರೆ ಎಂದಳು.

ಲೀವೆನ್ ವಾದಿಸಲಿಲ್ಲ. ತಲೆ ತಗ್ಗಿಸಿ ಮಾತು ಕೊಟ್ಟ. ಕೊಟ್ಟಂತೆಯೇ ನಡೆದುಕೊಂಡ.

ಶನಿವಾರ ಬಂತೆಂದರೆ ವೀರ್ಲೆಯ ತವರಿನ ಬಾಗಿಲಿಗೆ ಬಂದು ಮಗುವನ್ನು ಪಾರ್ಕಿಗೆ ಕರೆದೊಯ್ಯುತ್ತಿದ್ದ. ಸಂಜೆ ತಂದು ಬಿಡುತ್ತಿದ್ದ. ಹಗಲಿನ ಆ ಕೆಲವು ಗಂಟೆಗಳಿಗೆ ಮಾತ್ರ ವೀರ್ಲೆ ಎದೆ ಗಟ್ಟಿ ಮಾಡಿಕೊಂಡು ಒಪ್ಪಿದ್ದಳು. ಒಳಗೆ ಬಾ ಎಂದರೆ ಹೊತ್ತಾಯಿತು ಎನ್ನುತ್ತಿದ್ದ. ಬಾಗಿಲ ಹಿಂದೆ ನಿಂತು ಅವನ ಹೆಜ್ಜೆ ಸದ್ದು ಕರಗುವವರೆಗೂ ಕೇಳಿಸಿಕೊಳ್ಳುತ್ತಿದ್ದ ವೀರ್ಲೆ ಕೊನೆಗೆ ತೀರ್ಮಾನಕ್ಕೆ ಬಂದಿದ್ದಳು... ಅವನಿಗೆ ನಾನು ಬೇಕಾಗಿಲ್ಲ.

ಅಂಥವರಿಬ್ಬರೂ ಈಗ ಕಡಲ ತೀರದ ವೆಂಡೌನೆ ಊರಿನ ಟ್ರಾಮ್ ನಿಲ್ದಾಣದಲ್ಲಿ ಎದುರುಬದುರು ನಿಂತಿದ್ದರು.

ಕರೆಸಿದವರು ಲೀವೆನ್‌ನ ತಾಯಿ ಗೊದೆಲೀವೆ. ನಮ್ಮ ಮನೆಯ ಮಕ್ಕಳೆಲ್ಲ ಬೇಸಿಗೆಯಲ್ಲಿ ಒಂದು ವಾರ ಕಡಲು ನೋಡಿಯೇ ಬೆಳೆದದ್ದು, ನಿಮ್ಮಿಬ್ಬರ ಮುನಿಸಿಗೆ ನನ್ನ ಮೊಮ್ಮಗಳು ಯಾಕೆ ಕಡಲು ಬಿಡಬೇಕು ಎಂದು ಫೋನಿನಲ್ಲಿ ಜಗಳವಾಡಿದ್ದರು. ವಾರವಿಡೀ ಮಗುವನ್ನು ತನ್ನಿಂದ ದೂರ ಕಳಿಸುವ ಧೈರ್ಯ ವೀರ್ಲೆಗಿರಲಿಲ್ಲ. ತಾನೂ ಹೊರಟು ಬಂದಿದ್ದಳು.

ಟ್ರಾಮಿನಿಂದ ಇಳಿಯುವಾಗ ಅವಳ ಚೀಲದ ಪಟ್ಟಿ ಬಾಗಿಲಿಗೆ ಸಿಕ್ಕಿಕೊಂಡಿತ್ತು. ಬಿಡಿಸಲು ಚಾಚಿದ ಕೈ ಲೀವೆನ್‌ದು. ಬೆರಳಿಗೆ ಬೆರಳು ತಾಕಿತು.

"ಬಂದ್ಯಾ," ಎಂದ.

"ಫೀನ್‌ಗೋಸ್ಕರ ಬಂದೆ," ಎಂದಳು.

ಅವನ ಮುಖದಲ್ಲಿ ಏನೋ ಆರಿದಂತಾಯಿತು. ಅದನ್ನು ನೋಡಲು ವೀರ್ಲೆ ಮುಖ ಎತ್ತಲಿಲ್ಲ.

ಮರುದಿನ ಸುಡುಬಿಸಿಲು. ಮರಳಿನ ತುಂಬ ಜನ. ಮಕ್ಕಳು ಅಲ್ಲಲ್ಲಿ ಸೊಂಟದಾಳದ ಗುಂಡಿ ತೋಡಿ, ಮುಂದೆ ಮರಳಿನದೇ ಕಟ್ಟೆ ಕಟ್ಟಿ, ಅದರ ಮೇಲೆ ಬಣ್ಣದ ಕಾಗದದ ಹೂವು ನೆಟ್ಟು ಅಂಗಡಿ ಇಟ್ಟಿದ್ದರು. ಒಂದು ಹೂವಿಗೆ ಬೆಲೆ ಒಂದು ಹಿಡಿ ಕಪ್ಪೆಚಿಪ್ಪು. ಲೀವೆನ್ ಬೆಳಗ್ಗೆಯಿಡೀ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿಯಿಂದ ಅಂಗಡಿಗೆ ತಿರುಗಿದ. ಎರಡೂವರೆ ವರ್ಷದ ಫೀನ್‌ಗೆ ಕೊಳ್ಳುವುದು ರುಚಿಸಲಿಲ್ಲ. ಹೋದಲ್ಲೆಲ್ಲ ಕಟ್ಟೆಯ ಆಚೆಗಿಳಿದು ಮಾಲೀಕಳ ಜಾಗದಲ್ಲೇ ಕೂರುತ್ತಿದ್ದಳು.

"ಥೇಟ್ ಅವಳಜ್ಜ," ಎಂದರು ಗೊದೆಲೀವೆ. "ಗಲ್ಲಾ ಬಿಟ್ಟು ಏಳೋ ಜಾತಿಯಲ್ಲ."

ವೀರ್ಲೆ ನಗಲಿಲ್ಲ. ಅಲೆಗೂ ಮಗುವಿಗೂ ನಡುವೆ ಎಷ್ಟು ದೂರವಿದೆ ಎಂದು ಅವಳ ಕಣ್ಣು ಅಳೆಯುತ್ತಲೇ ಇತ್ತು. ಒಂದು ಗಳಿಗೆ ಕಣ್ಣು ತಪ್ಪಿದರೆ... ಒಂದೇ ಒಂದು ಗಳಿಗೆ...

ಮಧ್ಯಾಹ್ನ ಲೀವೆನ್ ಕಡಲಿಗೆ ತಡೆಯಾಗಿ ಕಟ್ಟಿದ ಕಲ್ಲಿನ ಏರಿಯ ಮೇಲಿನ ಅಂಗಡಿಗೆ ಕಾಫಿ ತರಲು ಹೋದ. ಆಗಲೇ ತೋಳಿನ ರೋಮ ಎದ್ದು ನಿಂತಿತು. ತಣ್ಣನೆಯ ಗಾಳಿ. ವೀರ್ಲೆ ತಲೆಯೆತ್ತಿದರೆ ಕಡಲೇ ಇಲ್ಲ! ಬಿಳಿಯ ಗೋಡೆಯೊಂದು ಸದ್ದಿಲ್ಲದೆ ನಡೆದು ಬರುತ್ತಿತ್ತು. ಬಿಸಿಲು ಏರಿದ ದಿನಗಳಲ್ಲಿ ಕಡಲಿನಿಂದ ಹೀಗೆ ಮಂಜು ನುಗ್ಗುವುದು ಆ ಕರಾವಳಿಗೆ ಹೊಸದೇನಲ್ಲ. ಜನ ನಗುತ್ತ, ಗೊಣಗುತ್ತ ಟವೆಲು ಮಡಚತೊಡಗಿದರು. ಹೂವಿನ ಅಂಗಡಿಗಳ ಮಕ್ಕಳನ್ನು ತಾಯಂದಿರು ಎಳೆದುಕೊಂಡು ಹೋದರು.

ಮಗುವಿಗೆ ಶೀತವಾದರೆ? ವೀರ್ಲೆ ಚೀಲಕ್ಕೆ ಕೈ ಹಾಕಿದಳು. ಹತ್ತಿಯ ಅಂಗಿ ಸಿಕ್ಕಿತು. ಅದು ಸಾಲದು, ಉಣ್ಣೆಯ ಸ್ವೆಟರ್ ಬೇಕು. ಅದು ಚೀಲದ ತಳದಲ್ಲಿತ್ತು. ಎಳೆದು ತೆಗೆದು ತಿರುಗಿದಳು.

ಫೀನ್ ಇರಲಿಲ್ಲ.

ಕೂತಿದ್ದ ಜಾಗದಲ್ಲಿ ಪುಟ್ಟ ಸಲಿಕೆ ಇತ್ತು. ಅದರಾಚೆ ಮಂಜು.

"ಫೀನ್!"

ಮಂಜು ಅವಳ ಕೂಗನ್ನು ನುಂಗಿಕೊಂಡಿತು. ಮತ್ತೆ ಕೂಗಿದಳು. ಗಂಟಲು ಹರಿಯುವಂತೆ ಕೂಗಿದಳು. ಯಾರದೋ ಕಾಲು ಕಂಡಿತು, ಯಾರದೋ ನಾಯಿ. ಅಲೆಯ ಸದ್ದು ಎಡದಿಂದ ಕೇಳಿತು, ಬಲದಿಂದಲೂ ಕೇಳಿತು. ಕಡಲು ಯಾವ ಕಡೆ ಎಂದೇ ತಿಳಿಯದಾಯಿತು. ಕಡಲ ನೀರು ಏರುವ ಭರತದ ಹೊತ್ತು ಎಂಬುದು ಮಾತ್ರ ತಿಳಿದಿತ್ತು. ಎಲ್ಲೋ ತೀರದ ಕಾವಲಿನವರ ಸೀಟಿ ಕೇಳಿಸಿತು.

ನನ್ನ ಕೈಯಿಂದಲೇ... ಅಯ್ಯೋ, ನನ್ನ ಕೈಯಿಂದಲೇ ಜಾರಿದಳಲ್ಲ!

ಮಂಜಿನೊಳಗಿಂದ ಲೀವೆನ್ ಓಡಿ ಬಂದ. ಕೈಯಲ್ಲಿ ಕಾಫಿ ಇರಲಿಲ್ಲ, ಎಲ್ಲಿ ಬಿಸಾಡಿದ್ದನೋ. ವೀರ್ಲೆ ಕೈಯಲ್ಲಿದ್ದ ಸ್ವೆಟರನ್ನು ತೋರಿಸಿದಳು. ಅವನಿಗೆ ಅರ್ಥವಾಯಿತು. ಇನ್ನು ಬೈಯುತ್ತಾನೆ ಎಂದು ಕಾದಳು. ಅವನು ಅವಳ ಮಣಿಕಟ್ಟು ಹಿಡಿದ.

"ಕೂಗಬೇಡ."

"ಏನಂದೆ?"

"ಹೆದರಿ ಕೂಗಿದ್ರೆ ಅವಳು ಅಡಗಿಕೊಳ್ತಾಳೆ, ವೀರ್ಲೆ. ಬೈತಾರೆ ಅಂದ್ಕೊಂಡು ಉಸಿರೂ ಬಿಡಲ್ಲ. ಒಂದು ಶನಿವಾರ ಪಾರ್ಕಲ್ಲಿ ನಾನು ಹಿಂಗೇ ಕೂಗಿದ್ದೆ. ಪಕ್ಕದ ಪೊದೆಯಲ್ಲೇ ಇದ್ಲು, ಬಾಯಿ ಬಿಡಲಿಲ್ಲ."

"ನನಗೆ ಹೇಳಲೇ ಇಲ್ಲ ನೀನು."

"ಹೇಳಿದ್ರೆ ಮತ್ತೆ ಕಳಿಸ್ತಿದ್ಯಾ?"



ಲೀವೆನ್ ತಾಯಿಗೆ ಹೇಳಿದ, ಇಲ್ಲೇ ಕೂತು ಬಕೆಟ್ ಬಡಿಯುತ್ತಿರು, ನಮಗೆ ದಿಕ್ಕು ತಪ್ಪಬಾರದು ಎಂದು. ಗೊದೆಲೀವೆ ಅಳುತ್ತಲೇ ಸಲಿಕೆಯಿಂದ ತಗಡಿನ ಬಕೆಟ್ ಬಡಿಯತೊಡಗಿದರು. ಆಮೇಲೆ ವೀರ್ಲೆಗೆ, ಮಗಳು ಎಲ್ಲಾದರೂ ಒಂದು ಹೂವಿನ ಅಂಗಡಿಯ ಗುಂಡಿಯಲ್ಲೇ ಕೂತಿರುತ್ತಾಳೆ, ನಾವು ಗಿರಾಕಿಗಳ ಹಾಗೆ ಹೋಗೋಣ ಎಂದ. ಅವನ ದನಿ ಸಮವಾಗಿತ್ತು. ಹಿಡಿದ ಕೈ ಮಾತ್ರ ಮಂಜುಗಡ್ಡೆಯಾಗಿತ್ತು.

"ಹೂವು ಇದ್ಯಾ ಅಮ್ಮಾ, ಹೂವು?" ಲೀವೆನ್ ಸಂತೆಯಲ್ಲಿ ಕೇಳುವವನಂತೆ ಕೇಳಿದ. "ಕೆಂಪು ಹೂವು ಬೇಕಿತ್ತು."



ವೀರ್ಲೆ ಅಳುವನ್ನು ಹಲ್ಲಿನ ಹಿಂದೆ ಕಟ್ಟಿಹಾಕಿ, ನಗುವನ್ನು ಎಲ್ಲಿಂದಲೋ ಹೆಕ್ಕಿ ತಂದಳು. "ನನಗೆ ಹಳದಿ ಬೇಕು... ಹಳದಿಗೆಷ್ಟು ಚಿಪ್ಪು?"

ಖಾಲಿ ಗುಂಡಿ ಸಿಕ್ಕಿತು. ಮುಂದೆ ಹೋದರು. ಇನ್ನೊಂದು, ಅದೂ ಖಾಲಿ. ಕಾಲಡಿಯ ಮರಳು ಗಟ್ಟಿಯಾಯಿತು, ಆಮೇಲೆ ಒದ್ದೆಯಾಯಿತು. ಬಕೆಟ್ಟಿನ ಸದ್ದು ಬಹಳ ಹಿಂದೆ ಉಳಿದಿತ್ತು. ಅವಳ ಪಾದಕ್ಕೆ ನೀರು ತಾಕಿತು. ನೀರಿನ ಜೊತೆ ನೆನೆದ ಗುಲಾಬಿ ಕಾಗದದ ಹೂವೊಂದು ತೇಲಿ ಬಂದು ಬೆರಳಿಗೆ ಅಂಟಿತು.

ವೀರ್ಲೆ ಅದನ್ನು ಹೆಕ್ಕಿ ಅವನ ಕಡೆ ಚಾಚಿದಳು. ಲೀವೆನ್ ಮುಷ್ಟಿಯಲ್ಲಿ ಹಿಡಿದುಕೊಂಡ. ಅವನ ಕೆನ್ನೆ ತೋಯ್ದಿತ್ತು. ಆದರೂ ಕೇಳಿದ, "ಗುಲಾಬಿ ಬಣ್ಣದ್ದು ಇದ್ಯಾ ಅಮ್ಮಾ? ದುಡ್ಡಿದೆ ನಮ್ಮ ಹತ್ರ, ಚಿಪ್ಪು ಬೇಕಾದಷ್ಟಿದೆ."

ಒಂದು ಅಲೆ ಬಂದು ಹೋಯಿತು.

ಆಮೇಲೆ ಮಂಜಿನೊಳಗಿಂದ, ತೀರ ಹತ್ತಿರದಿಂದ, ಸಿಟ್ಟಿನ ಒಂದು ಪುಟ್ಟ ದನಿ:

"ಅಂಗ್ಡಿ ಬಾಗ್ಲಾಕಿದೆ!"

ಕುಸಿಯುತ್ತಿದ್ದ ಮರಳಿನ ಕಟ್ಟೆಯ ಹಿಂದೆ, ಗುಂಡಿಯಲ್ಲಿ ಸೊಂಟದವರೆಗೆ ನೀರಿನಲ್ಲಿ ಕೂತು, ಫೀನ್ ಉಳಿದ ಹೂಗಳನ್ನು ಎದೆಗವುಚಿಕೊಂಡಿದ್ದಳು. ತುಟಿ ನೀಲಿಗಟ್ಟಿತ್ತು. ಲೀವೆನ್ ಒಂದೇ ನೆಗೆತಕ್ಕೆ ಎತ್ತಿಕೊಂಡು ಅವಳನ್ನು ವೀರ್ಲೆಯ ತೋಳಿಗೆ ಕೊಟ್ಟ. ಮುಂದಿನ ಅಲೆ ಗುಂಡಿಯನ್ನು ಮುಚ್ಚಿತು. ಇಬ್ಬರೂ ಅದನ್ನು ನೋಡಿದರು.

ಬಕೆಟ್ಟಿನ ಸದ್ದು ಹಿಡಿದು ವಾಪಸು ಬಂದಾಗ ಗೊದೆಲೀವೆ ಮೊಮ್ಮಗಳನ್ನು ಕಸಿದುಕೊಂಡು, ಒಣ ಬಟ್ಟೆಯಲ್ಲಿ ಸುತ್ತಿ, ಮುತ್ತಿಕ್ಕುತ್ತ ಬೈಯುತ್ತ ಏರಿಯ ಮೇಲೆ ತಾವು ಇಳಿದುಕೊಂಡಿದ್ದ ಮನೆಗೆ ನಡೆದರು. ವೀರ್ಲೆ ಎರಡು ಹೆಜ್ಜೆ ಅವರ ಹಿಂದೆ ನಡೆದು ನಿಂತಳು. ಮರಳಿನ ಮೇಲೆ ಕೂತಳು. ಲೀವೆನ್ ಪಕ್ಕದಲ್ಲಿ ಕೂತ.

"ಈಗ ಹೇಳು," ಎಂದಳು.

"ಏನು ಹೇಳ್ಲಿ?"

"ನಾನು ಅವತ್ತು ನಿನಗೆ ಹೇಳಿದ್ದನ್ನೇ. ನಿನ್ನ ಕೈಗೆ ಮಗೂನ ಕೊಟ್ಟು ಕಣ್ಣು ಮುಚ್ಚೋಕಾಗಲ್ಲ ಅಂತ."

ಅವನು ಮರಳು ಕೆದಕಿದ.

"ನೀನು ಸ್ವೆಟರ್ ಹುಡುಕ್ತಿದ್ದೆ. ನಾನು ಅವತ್ತು ಅವಳ ಗಿಲಕಿ ಎತ್ತೋಕೆ ಬಗ್ಗಿದ್ದೆ. ಅಷ್ಟೇ ಹೊತ್ತು."

ವೀರ್ಲೆ ಅವನ ಕಡೆ ತಿರುಗಿದಳು. ಎರಡು ವರ್ಷ! ಹೇಗೆ ಬಿದ್ದಳು ಎಂದು ತಾನು ಒಮ್ಮೆಯೂ ಕೇಳಿರಲಿಲ್ಲ...

"ಒಂದು ಮಾತು ಹೇಳಬಾರದಿತ್ತಾ ನೀನು?"

"ನನಗೇ ನನ್ನ ಮೇಲೆ ನಂಬಿಕೆ ಹೋಗಿತ್ತು. ನೀನು ಹೇಳಿದ್ದೇ ಸರಿ ಅನ್ನಿಸ್ತು."

"ಮತ್ತೆ ಶನಿವಾರ? ಒಳಗೆ ಬಾ ಅಂದ್ರೂ ಬರ್ತಿರಲಿಲ್ಲ. ನಾನು ಬೇಡ ಅಂತಲೇ ಅಂದ್ಕೊಂಡೆ."

"ಒಳಗೆ ಬಂದಿದ್ರೆ ಕೇಳಿಬಿಡ್ತಿದ್ದೆ, ವೀರ್ಲೆ. ಮಾತು ಕೊಟ್ಟಿದ್ದೆನಲ್ಲ."

"ಭಯದಲ್ಲಿ ಕೇಳಿದ ಮಾತದು. ಅದನ್ನ ಇಷ್ಟು ಚೆನ್ನಾಗಿ ಉಳಿಸ್ಕೋಬೇಕಿತ್ತಾ?" ಅಳು ಒಡೆಯಿತು. "ನನಗೆ ಈಗಲೂ ಭಯ, ಲೀವೆನ್. ನಾಳೆನೂ ಇರುತ್ತೆ. ಅವಳು ದೊಡ್ಡವಳಾದ್ರೂ ಹೋಗಲ್ಲ ಇದು."

"ನನಗೂ ಹೋಗಲ್ಲ," ಎಂದ. ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ. "ಮನೆಗೆ ಬಾ. ಒಬ್ಬೊಬ್ಬರೇ ಹೆದರಿದ್ದು ಸಾಕು."

"ಹೂಂ," ಎಂದಳು. "ಬರ್ತೀನಿ."

ಮರಳಿ ಬಾ ಎಂದು ಯಾವತ್ತೂ ಕೇಳುವುದಿಲ್ಲ ಎಂದು ಲೀವೆನ್ ಮಾತು ಕೊಟ್ಟಿದ್ದ. ಆ ಮಾತನ್ನು ಅವನು ಮುರಿದ.