ಹೊಂಗಣ್ಣಿನ ಮೊಸಳೆ ಮತ್ತು ಬೀರಜ್ಜನ ಕಣ್ಣುಪಟ್ಟಿ

ಬಹಳ ಹಿಂದೆ, ಏಳು ಹೊಳೆಗಳಾಚೆ ನೀಲಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ಹೊಳೆಯಲ್ಲಿ ಮಾಂತ್ರಿಕನೊಬ್ಬ ಸಾಕಿದ ಹೊಂಗಣ್ಣಿನ ಮೊಸಳೆಯಿತ್ತು. ಅದರ ಕಣ್ಣಿಗೆ ಕಣ್ಣು ಕೊಟ್ಟವರು ಕಲ್ಲಾಗುತ್ತಿದ್ದರು. ಅದಕ್ಕೇ ಅಂಬಿಗರು ನಡುಹೊಳೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ದೋಣಿ ನಡೆಸುತ್ತಿದ್ದರು. ಕಟ್ಟಿದವರು ಬದುಕಿದರು.

ಒಂದು ಬೇಸಿಗೆಯಲ್ಲಿ ಹೊಳೆ ತಿಳಿಯಾಯಿತು. ಮೊಸಳೆ ನೀರಿನಲ್ಲಿ ತನ್ನ ಕಣ್ಣನ್ನೇ ತಾನು ಕಂಡು, ನಿಂತಲ್ಲೇ ಬಂಡೆಯಾಯಿತು. ಆದರೆ ಕಣ್ಣು ಕಟ್ಟಿಕೊಂಡವರಿಗೆ ಅದು ತಿಳಿಯುವುದು ಹೇಗೆ?

ಮೊದಲ ದೋಣಿ ಬಂಡೆಗೆ ಬಡಿದು ಹುಟ್ಟು ಮುರಿಯಿತು. "ಮೊಸಳೆ ಕೆರಳಿದೆ. ಇನ್ನೊಂದು ಸುತ್ತು ಬಿಗಿಯಾಗಿ ಕಟ್ಟಿ" ಎಂದ ಅಂಬಿಗರ ಹಿರಿಯ ಬೀರಜ್ಜ. ಎರಡನೆಯ ದೋಣಿ ಮುಳುಗಿ ಇಬ್ಬರು ಹೋದರು. "ಇನ್ನೊಂದು ಸುತ್ತು ಬಿಗಿಯಾಗಿ ಕಟ್ಟಿ" ಎಂದ.

ಮೂರನೆಯದು ಅವನದೇ ದೋಣಿ. ಹೆರಿಗೆ ನೋವಿನಲ್ಲಿ ನರಳುತ್ತಿದ್ದ ಮೊಮ್ಮಗಳನ್ನು ಆಚೆ ದಡದ ಸೂಲಗಿತ್ತಿಯ ಬಳಿಗೆ ಒಯ್ಯಬೇಕಿತ್ತು. ಅಜ್ಜ ಚುಕ್ಕಾಣಿ ಹಿಡಿದ. ಅವಳ ತಾಯಿ, ಅಜ್ಜನ ಸೊಸೆ ಕೆಂಚವ್ವ ಹುಟ್ಟು ಹಾಕಿದಳು. ನಡುಹೊಳೆಯಲ್ಲಿ ಮೊಮ್ಮಗಳ ಕಣ್ಣಿಗೂ ಕಟ್ಟಿ, ಇಬ್ಬರೂ ಬಟ್ಟೆ ಕಟ್ಟಿಕೊಂಡರು. ನೀರು ಯಾವುದಕ್ಕೋ ಬಡಿಯುವ ಸದ್ದು ಹತ್ತಿರವಾಯಿತು. ಕಲ್ಲಾದರೆ ನಾನೊಬ್ಬಳೇ ಆಗುತ್ತೇನೆ ಎಂದುಕೊಂಡು ಕೆಂಚವ್ವ ತನ್ನ ಪಟ್ಟಿ ಕಿತ್ತಳು.

ಎದುರಿಗೇ ಕಲ್ಲಿನ ಮೊಸಳೆ. ಅದರ ಕಣ್ಣಲ್ಲಿ ಪಾಚಿ ಬೆಳೆದಿತ್ತು, ತಲೆಯ ಮೇಲೆ ನೀರುಕಾಗೆ ಕೂತಿತ್ತು.

"ಮಾವಯ್ಯ, ಪಟ್ಟಿ ತೆಗೀರಿ. ಅದು ಬರೀ ಬಂಡೆ."

"ಬೇಡ ಕಣವ್ವ. ನಮ್ಮಣ್ಣ ಕಣ್ಣು ಬಿಟ್ಟೇ ಕಲ್ಲಾದ." ಅಜ್ಜ ಪಟ್ಟಿಯನ್ನು ಇನ್ನಷ್ಟು ಬಿಗಿದುಕೊಂಡ.

ಮೊಮ್ಮಗಳು ಚೀರಿದಳು. ಕೆಂಚವ್ವನಿಗೆ ಸಿಟ್ಟು ಬಂತು. ಆದರೆ ಕಲ್ಲಾದ ಆ ಅಣ್ಣನನ್ನು ನೆನೆದು ನುಂಗಿಕೊಂಡಳು.

"ಅವತ್ತು ಈ ಪಟ್ಟಿಯಿಂದಲೇ ನೀವು ಉಳಿದ್ರಿ, ಸುಳ್ಳಲ್ಲ. ಈಗ ನಾನು ಅದನ್ನೇ ನೋಡ್ತಾ ಇದೀನಿ. ಕಲ್ಲಾಗಿದೀನಾ, ಮುಟ್ಟಿ ನೋಡಿ."

ಅಜ್ಜ ತಡವರಿಸಿ ಅವಳ ಕೈ ಹಿಡಿದ. ಬೆಚ್ಚಗಿತ್ತು, ಬೆವೆತಿತ್ತು. ಪಟ್ಟಿ ಕೆಳಗೆಳೆದು ಚುಕ್ಕಾಣಿ ತಿರುಗಿಸಿದ. ದೋಣಿ ಬಂಡೆಯನ್ನು ಸವರಿಕೊಂಡು ದಾಟಿತು. ಆಚೆ ದಡದಲ್ಲಿ ಹೆಣ್ಣುಮಗು ಹುಟ್ಟಿತು.

ಮರುದಿನ ಅಜ್ಜ ಒಬ್ಬೊಬ್ಬ ಅಂಬಿಗನನ್ನೂ ದೋಣಿಯಲ್ಲಿ ಕರೆದೊಯ್ದ. ಯಾರನ್ನೂ ಹಂಗಿಸಲಿಲ್ಲ. ಕೈ ಹಿಡಿದುಕೊಂಡು, "ನಾನು ನೋಡ್ತಾ ಇದೀನಪ್ಪ, ನಿಧಾನಕ್ಕೆ ಬಿಚ್ಚು" ಎಂದ. ಆಮೇಲೆ ಮೊಸಳೆಯ ಬೆನ್ನ ಮೇಲೆ ದೀಪದ ಕಂಬ ನೆಟ್ಟರು. ಯಾವ ದೋಣಿಯೂ ಮತ್ತೆ ಮುಳುಗಲಿಲ್ಲ, ನೀಲಾವತಿಯವರು ನೆಮ್ಮದಿಯಾಗಿ ಬಾಳಿದರು.

ಪಟ್ಟಿಗಳನ್ನೆಲ್ಲ ಸೇರಿಸಿ ಕೆಂಚವ್ವ ಮಗುವಿಗೆ ಕೌದಿ ಹೊಲಿದಳು. ನಡುಹೊಳೆ ಬಂದಾಗ ಅಜ್ಜನ ಕೈ ಆಮೇಲೂ ಕಣ್ಣಿನತ್ತ ಹೋಗುತ್ತಿತ್ತು. ಆಗ ಅವನು ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ, ನೋಡಿದವರು ನೋಡದಂತೆ ಹುಟ್ಟು ಹಾಕುತ್ತಿದ್ದರು.